ಇಲಿ ಬಿದ್ದ ಮನೆಯ ಉಗ್ರಾಣ

ಸಾಂಕ್ರಾಮಿಕ ರೋಗದ ಕಾಲದಲ್ಲಿ ಮನೆಗೆ ಬೇಕಾದ ದಿನಸಿಯನ್ನು ಕೂಡಿಟ್ಟುಕೊಳ್ಳುವುದು ಎಂದೊಡನೆ ಬಾಗಿಲು ಮುಚ್ಚಿಕೊಂಡು, ಒಳಗಿರುವುದನ್ನು ಅಳೆದು ಉಣ್ಣುತ್ತ, ಹೊರಗಿನ ಅಪಾಯ ಕಳೆಯುವವರೆಗೆ ಕಾಯುವ ಕುಟುಂಬದ ಚಿತ್ರವೇ ಇಂದಿನವರ ಕಣ್ಣಮುಂದೆ ನಿಲ್ಲುತ್ತದೆ. ಕ್ವಾರಂಟೈನ್ ಎಂಬ ಪದದ ಹಿನ್ನೆಲೆಯಲ್ಲಿರುವುದೂ ಇಂಥದೇ ಕಲ್ಪನೆ. 1377ರಲ್ಲಿ ಏಡ್ರಿಯಾಟಿಕ್ ಕಡಲಿನ ರಗೂಸ ಎಂಬ ಬಂದರು ನಗರ, ಅಂದರೆ ಇಂದಿನ ಡುಬ್ರೊವ್ನಿಕ್, ರೋಗಪೀಡಿತ ಸ್ಥಳಗಳಿಂದ ಬಂದವರನ್ನು 30 ದಿನ ಹೊರಗೆ ತಡೆದು ನಿಲ್ಲಿಸುವ ನಿಯಮ ಮಾಡಿತು. ಆ ಅವಧಿ ಮುಂದೆ 40 ದಿನಕ್ಕೆ ಬೆಳೆದು, ವೆನಿಸಿನವರ ಮಾತಿನಲ್ಲಿ ನಲವತ್ತನ್ನು ಸೂಚಿಸುವ ಪದವೇ ಈ ಪದ್ಧತಿಯ ಹೆಸರಾಗಿ ಉಳಿಯಿತು. ಆದರೆ 1898ರಿಂದ ಸುಮಾರು ಅರ್ಧ ಶತಮಾನದ ಕಾಲ ಕನ್ನಡ ನಾಡನ್ನು ಮತ್ತೆ ಮತ್ತೆ ಕಾಡಿದ ಪ್ಲೇಗಿನಲ್ಲಿ ಈ ಚಿತ್ರ ತಿರುವುಮುರುವಾಯಿತು. ಇಲ್ಲಿ ಜನ ಮನೆಯೊಳಗೆ ಸೇರಿಕೊಳ್ಳಲಿಲ್ಲ, ಮನೆಯನ್ನು ಬಿಟ್ಟು ಹೊರಟರು. ವರ್ಷದ ದವಸ ತುಂಬಿದ ಉಗ್ರಾಣ ಬೀಗ ಹಾಕಿದ ಬಾಗಿಲಿನ ಹಿಂದೆ ಉಳಿಯಿತು. ಕೊನೆಗೆ ರೋಗದ ನೆಲೆ ಆ ಉಗ್ರಾಣವೇ ಎಂಬ ಅನುಮಾನವೂ ಹುಟ್ಟಿತು. ಬರಗಾಲವನ್ನು ಎದುರಿಸಲೆಂದು ತಲೆಮಾರುಗಳಿಂದ ರೂಪುಗೊಂಡಿದ್ದ ಸಂಗ್ರಹದ ಕ್ರಮ, ಬೇರೆಯೇ ಬಗೆಯ ಆಪತ್ತಿನ ಮುಂದೆ ಹೇಗೆ ತತ್ತರಿಸಿತು, ಹೇಗೆ ಹೊಂದಿಕೊಂಡಿತು ಎಂಬುದು ಈ ಬರಹದ ವಿಷಯ.

ಉಗ್ರಾಣ ಎಂಬ ಮಾತು ಹೆಚ್ಚಾಗಿ ಅರಮನೆ, ಮಠ, ದೇವಸ್ಥಾನಗಳಿಗೆ ಸಲ್ಲುವಂಥದು. ದವಸ, ಬೇಳೆ, ಎಣ್ಣೆ, ಬೆಲ್ಲಗಳನ್ನು ಲೆಕ್ಕವಿಟ್ಟು ಕೊಡುವ ಉಗ್ರಾಣಿಕನೊಬ್ಬನಿರುವ ಕೋಣೆ ಅದು. ಸಾಮಾನ್ಯ ಒಕ್ಕಲಿನ ಮನೆಯಲ್ಲಿ ಅಂಥ ಪ್ರತ್ಯೇಕ ಕೋಣೆ ಇರುತ್ತಿದ್ದುದು ಅಪರೂಪ. ಅಲ್ಲಿ ಉಗ್ರಾಣವೆಂಬುದು ನಡುಮನೆ, ಅಡುಗೆಮನೆಯ ಮೂಲೆ, ಅಟ್ಟ ಮತ್ತು ಅಂಗಳದ ನೆಲದಡಿ ಹೀಗೆ ನಾಲ್ಕು ಕಡೆ ಹಂಚಿಹೋಗಿದ್ದ ಒಂದು ವ್ಯವಸ್ಥೆ. ನಡುಮನೆಯ ಗೋಡೆಗೆ ಒತ್ತಿ ನಿಲ್ಲುತ್ತಿದ್ದುದು ವಾಡೆ. ಸುಟ್ಟ ಮಣ್ಣಿನ ದೊಡ್ಡ ಬಳೆಗಳನ್ನು ಒಂದರ ಮೇಲೊಂದು ಕೂಡಿಸಿ, ಸಂದುಗಳಿಗೆ ಸಗಣಿ ಕಲಸಿದ ಮಣ್ಣನ್ನು ಮೆತ್ತಿ, ಆಳೆತ್ತರಕ್ಕೆ ಏರಿಸಿದ ಈ ಕೊಳವೆಯ ಬುಡದಲ್ಲಿ ಒಂದು ಕಿಂಡಿ ಇರುತ್ತಿತ್ತು. ಹಳೆಯ ಬಟ್ಟೆ ತುರುಕಿ ಮುಚ್ಚಿದ ಆ ಕಿಂಡಿಯನ್ನು ಬಿಚ್ಚಿದರೆ ಅಂದಂದಿಗೆ ಬೇಕಾದಷ್ಟು ರಾಗಿಯೋ ಭತ್ತವೋ ತಾನಾಗಿ ಮೊರಕ್ಕೆ ಇಳಿಯುತ್ತಿತ್ತು. ದೊಡ್ಡ ಹೊಟ್ಟೆಯ ಮಣ್ಣಿನ ಪಾತ್ರೆಯಾದ ಗುಡಾಣ ಕಾಳುಗಳಿಗೆ. ಬಿದಿರಿನಲ್ಲಿ ಹೆಣೆದು ಸಗಣಿ ಸಾರಿಸಿದ ಕಣಜ ಹೆಚ್ಚಿನ ಬೆಳೆಗೆ. ಮಲೆನಾಡಿನಲ್ಲಿ ಹಲಗೆಗಳಿಂದ ಕಟ್ಟಿದ ಪಣತ ಭತ್ತಕ್ಕೆ. ಕರಾವಳಿಯಲ್ಲಿ ಅಕ್ಕಿಯನ್ನು ಒಣಹುಲ್ಲಿನಲ್ಲಿ ಸುತ್ತಿ, ಹುಲ್ಲಿನ ಹಗ್ಗದಿಂದಲೇ ಬಿಗಿದು, ಚೆಂಡಿನಂತೆ ಮಾಡುತ್ತಿದ್ದ ಮುಡಿ ಸಂಗ್ರಹದ ವಿಧಾನವೂ ಹೌದು, ಅಳತೆಯೂ ಹೌದು. ಮೈಸೂರು ಸೀಮೆಯಲ್ಲಿ 4 ಪಾವಿಗೆ 1 ಸೇರು, 20 ಕೊಳಗಕ್ಕೆ 1 ಖಂಡುಗ ಎಂಬ ಲೆಕ್ಕವಿತ್ತು. ಒಂದು ಮನೆಯ ಅಂತಸ್ತನ್ನು ಅಲ್ಲಿರುವ ಖಂಡುಗಗಳ ಮೇಲೆ ಅಳೆಯುವುದು ರೂಢಿಯ ಮಾತಾಗಿತ್ತು.

ಇವೆಲ್ಲಕ್ಕಿಂತ ವಿಶಿಷ್ಟವಾದುದು ಹಗೇವು, ಅಂದರೆ ನೆಲದೊಳಗಿನ ಕಣಜ. ನೀರು ನಿಲ್ಲದ ದಿಬ್ಬದ ಗಟ್ಟಿ ನೆಲವನ್ನು ಆರಿಸಿ, ಒಬ್ಬ ಮನುಷ್ಯ ಇಳಿಯುವಷ್ಟು ಮಾತ್ರ ಬಾಯಿ ಬಿಟ್ಟು, ಕೆಳಗೆ ಹೋದಂತೆ ಗಡಿಗೆಯ ಹೊಟ್ಟೆಯ ಹಾಗೆ ಅಗಲವಾಗುವಂತೆ ಇದನ್ನು ತೋಡುತ್ತಿದ್ದರು. ಒಳಮೈಗೆ ಹುಲ್ಲನ್ನು ಒತ್ತಾಗಿ ಹೊದಿಸಿ, ಚೆನ್ನಾಗಿ ಒಣಗಿದ ರಾಗಿಯನ್ನು ಸುರಿದು, ಮೇಲೆ ಮತ್ತೆ ಹುಲ್ಲು ಹಾಸಿ, ಬಾಯಿಗೆ ಚಪ್ಪಡಿ ಎಳೆದು, ಅದರ ಮೇಲೆ ಮಣ್ಣು ಮುಚ್ಚಿಬಿಟ್ಟರೆ ಕಣ್ಣಿಗೆ ಕಾಣುವುದು ಬರಿಯ ಅಂಗಳ. ಒಳಗೆ ಸೇರಿದ ಕಾಳು ತಾನೇ ಉಸಿರಾಡಿ ಅಲ್ಲಿದ್ದ ಆಮ್ಲಜನಕವನ್ನು ಮುಗಿಸುತ್ತದೆ. ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು ಹುಳುಗಳು ಸಾಯುತ್ತವೆ. ಮೊದಲೇ ಸಣ್ಣದೂ ಗಟ್ಟಿಯೂ ಆದ ರಾಗಿಗೆ ಹೀಗೆ ವರ್ಷಗಟ್ಟಲೆ ಕೆಡದೆ ಉಳಿಯುವ ಶಕ್ತಿ ಬರುತ್ತದೆ. ಈ ರಸಾಯನ ಗೊತ್ತಿಲ್ಲದಿದ್ದರೂ ಅದರ ಪರಿಣಾಮ ರೈತನಿಗೆ ಚೆನ್ನಾಗಿ ಗೊತ್ತಿತ್ತು. ಹಗೇವನ್ನು ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಹೊತ್ತು ಕಳೆಯಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವನ್ನು ಒಳಕ್ಕೆ ಇಳಿಬಿಟ್ಟು, ಅದು ನಂದದೆ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಆ ಎಚ್ಚರ ತಪ್ಪಿ ಒಳಗೆ ಇಳಿದವನು ಮೇಲೆ ಬಾರದೆ ಹೋದ ದುರಂತಗಳ ಮಾತು ಬಯಲುಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಟಿಪ್ಪುವಿನ ಪತನದ ಬಳಿಕ, 1800–01ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಭಾಗದ ಬೇಸಾಯದ ಜೊತೆಗೆ ದವಸ ಕಾಪಾಡುವ ವಿಧಾನಗಳನ್ನೂ ಗಮನಿಸಿ ದಾಖಲಿಸಿದ್ದಾನೆ.

ದವಸದ ಜೊತೆಗಿನ ಸಣ್ಣ ಸಾಮಾನುಗಳ ಸಂಗ್ರಹ ಪೂರ್ತಿಯಾಗಿ ಹೆಂಗಸರ ಕೈಯಲ್ಲಿತ್ತು, ಮತ್ತು ಅದಕ್ಕೆ ತನ್ನದೇ ಆದ ಪಂಚಾಂಗವಿತ್ತು. ರಥಸಪ್ತಮಿ ಕಳೆದು ಬಿಸಿಲು ಬಲಿತ ಮೇಲೆ ಹಪ್ಪಳ, ಸಂಡಿಗೆ, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಬಾಳಕದ ಮೆಣಸಿನಕಾಯಿ. ಮಾವಿನ ಮಿಡಿ ಬರುವ ಹೊತ್ತಿಗೆ ಉಪ್ಪಿನಕಾಯಿಯ ಭರಣಿ. ಹೊಸ ಹುಣಸೆಹಣ್ಣಿನ ನಾರು, ಬೀಜ ತೆಗೆದು ಉಪ್ಪು ಬೆರೆಸಿ ಮಡಕೆಯಲ್ಲಿ ಒತ್ತಿಡುವ ಕೆಲಸ. ತೊಗರಿಯಂಥ ಕಾಳನ್ನು ಕೆಮ್ಮಣ್ಣಿನ ರಾಡಿಯಲ್ಲಿ ಕಲಸಿ, ಮಣ್ಣಿನ ತೆಳುವಾದ ಹೊದಿಕೆ ಕಾಳಿಗೆ ಹಿಡಿದ ಮೇಲೆ ಬಿಸಿಲಿಗೆ ಹರವಿ ಒಣಗಿಸಿದರೆ ಹುಳು ಹತ್ತುವುದು ಕಡಿಮೆಯಾಗುತ್ತಿತ್ತು. ಒಡೆದ ಬೇಳೆಗೆ ಹರಳೆಣ್ಣೆ ಸವರುವುದು, ಹುರುಳಿಗೆ ಬೂದಿ ಬೆರೆಸುವುದು, ದವಸದ ನಡುವೆ ಬೇವಿನ ಇಲ್ಲವೆ ಲಕ್ಕಿಯ ಸೊಪ್ಪನ್ನು ಇಡುವುದು ಇವೆಲ್ಲ ಅದೇ ಜಾಣ್ಮೆಯ ಕವಲುಗಳು. ಹುರಿದು ಬೀಸಿದ ರಾಗಿಯ ಹುರಿಹಿಟ್ಟು, ಅವಲಕ್ಕಿ, ಚಟ್ನಿಪುಡಿ ಇವು ಒಲೆ ಹಚ್ಚಲಾಗದ ದಿನಕ್ಕೂ ಆಗುವ ಪದಾರ್ಥಗಳು. ಮಳೆಗಾಲದ ನಾಲ್ಕು ತಿಂಗಳನ್ನು ದಾಟಿಸುವುದು ಈ ಸಂಗ್ರಹದ ನಿತ್ಯದ ಗುರಿಯಾಗಿದ್ದರೆ, ಹಗೇವಿನ ಗುರಿ ಮಳೆಯೇ ಬಾರದ ವರ್ಷ.

ಅಂಥ ವರ್ಷಗಳಲ್ಲಿ ಅತಿ ಘೋರವಾದುದು ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876ರಿಂದ 1878ರವರೆಗೆ, ಬಂದ ಬರ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50,55,412 ಇದ್ದುದು 1881ರಲ್ಲಿ 41,86,188ಕ್ಕೆ ಇಳಿದುದೇ ಅದರ ಪ್ರಮಾಣವನ್ನು ಹೇಳುತ್ತದೆ. ಒಂದು ವರ್ಷದ ಅಭಾವವನ್ನು ಹಗೇವು ತಾಳಬಲ್ಲದಾಗಿತ್ತು. ಎರಡು, ಮೂರು ವರ್ಷ ಸತತವಾಗಿ ಮಳೆ ಕೈಕೊಟ್ಟಾಗ ಅದರ ತಳ ಕಂಡಿತು. ಅದರ ಬೆನ್ನಿಗೇ ರೈಲು ಹಬ್ಬಿತು. ದವಸ ದೂರದ ಪೇಟೆಗೆ ಹೋಗುವುದೂ ಅಲ್ಲಿಂದ ಬರುವುದೂ ಸುಲಭವಾದ ಮೇಲೆ, ಮಾರಿ ಹಣ ಮಾಡಿಕೊಳ್ಳಬಹುದಾದ ಕಾಳನ್ನು ಹತ್ತು ವರ್ಷ ಮಣ್ಣಿನಡಿ ಹುಗಿದಿಡುವ ಒಲವು ಸಹಜವಾಗಿಯೇ ತಗ್ಗಿರಬೇಕು. ಪೇಟೆಯ ಮನೆಗಳಲ್ಲಂತೂ ಹಗೇವಿನ, ವಾಡೆಯ ಜಾಗಕ್ಕೆ ಗೋಣಿಚೀಲ ಬಂದು ಕೂತಿತು. ಚೀಲವನ್ನು ಹೊರುವುದು ಸುಲಭ, ಒಟ್ಟುವುದು ಸುಲಭ, ಇಲಿಗೆ ಕಡಿಯುವುದೂ ಅಷ್ಟೇ ಸುಲಭ. ಪ್ಲೇಗಿನ ಇತಿಹಾಸವನ್ನು ಬರೆದವರು ರೈಲಿಗೆ ಕೊಟ್ಟಷ್ಟು ಗಮನವನ್ನು ಗೋಣಿಚೀಲಕ್ಕೆ ಕೊಟ್ಟಿಲ್ಲವೆಂಬುದು ಸೋಜಿಗವೇ ಸರಿ.

ಪ್ಲೇಗು ಬಂದುದು ರೈಲಿನ ಜಾಡಿನಲ್ಲೇ. 1894ರಲ್ಲಿ ಹಾಂಗ್‌ಕಾಂಗನ್ನು ಹಿಡಿದ ರೋಗ 1896ರಲ್ಲಿ ಮುಂಬಯಿಗೆ ತಲಪಿ, ದವಸದ ಗೋದಾಮುಗಳು ಕಿಕ್ಕಿರಿದ ಮಾಂಡ್ವಿ ಪೇಟೆಯಲ್ಲಿ ಮೊದಲು ಕಾಣಿಸಿಕೊಂಡಿತು. ಅಲ್ಲಿಂದ ಪುಣೆ, ಆಮೇಲೆ ಮುಂಬಯಿ ಆಧಿಪತ್ಯದ ಭಾಗವೇ ಆಗಿದ್ದ ಧಾರವಾಡ, ಹುಬ್ಬಳ್ಳಿಗಳು. ಬೆಂಗಳೂರಿನಿಂದ ಹರಿಹರದ ಮೂಲಕ ಹುಬ್ಬಳ್ಳಿಯ ಕಡೆಗೆ ರೈಲುದಾರಿ ಆಗಲೇ ಕೂಡಿಕೊಂಡಿತ್ತು. 1898ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಕಂಡ ಮೊದಲ ಪ್ರಕರಣ ಹುಬ್ಬಳ್ಳಿಯಿಂದ ಬಂದ ರೈಲ್ವೆ ಅಧಿಕಾರಿಯೊಬ್ಬರ ಆಳಿನದು ಎಂದು ದಾಖಲಾಗಿದೆ. ರಾಜಪ್ರತಿನಿಧಿಯಾಗಿ ವಾಣಿವಿಲಾಸ ಸನ್ನಿಧಾನದವರೂ ದಿವಾನರಾಗಿ ಕೆ. ಶೇಷಾದ್ರಿ ಅಯ್ಯರ್ ಅವರೂ ಇದ್ದ ಕಾಲ ಅದು. ಪ್ಲೇಗ್ ಕಮಿಷನರಾಗಿ ವಿ. ಪಿ. ಮಾಧವರಾವ್ ನೇಮಕಗೊಂಡರು. ಬ್ರಿಟಿಷ್ ಇಂಡಿಯಾದಲ್ಲಿ 1897ರ ಫೆಬ್ರವರಿಯಲ್ಲಿ ಜಾರಿಗೆ ಬಂದಿದ್ದ ಸಾಂಕ್ರಾಮಿಕ ರೋಗಗಳ ಕಾಯಿದೆಯ ಜಾಡಿನಲ್ಲೇ ಸಂಸ್ಥಾನದ ಕ್ರಮಗಳೂ ನಡೆದವು: ನಿಲ್ದಾಣಗಳಲ್ಲಿ ತಪಾಸಣೆ, ರೋಗಿಯನ್ನು ಆಸ್ಪತ್ರೆಗೆ ಒಯ್ಯುವುದು, ಅವನೊಡನೆ ಇದ್ದವರನ್ನು ಊರ ಹೊರಗಿನ ಶಿಬಿರದಲ್ಲಿ ಬೇರೆ ಇರಿಸುವುದು, ಮನೆಯನ್ನು ತೆರವು ಮಾಡಿಸಿ ಶುದ್ಧಗೊಳಿಸುವುದು. ಬೆಂಗಳೂರಿನ ಪೇಟೆ ಮತ್ತು ದಂಡು ಎರಡೂ ಸೇರಿ 1891ರಲ್ಲಿ 1,80,366 ಇದ್ದ ಜನಸಂಖ್ಯೆ 1901ರಲ್ಲಿ 1,59,046ಕ್ಕೆ ಕುಸಿದುದಕ್ಕೆ ಸಾವಿನಷ್ಟೇ ಊರು ಬಿಟ್ಟು ಹೋದುದೂ ಕಾರಣ.

ಊರು ಬಿಡುವುದು ಸರಕಾರದ ಆಜ್ಞೆಯಾಗುವ ಮೊದಲೇ ಜನರ ತಿಳಿವಳಿಕೆಯಾಗಿತ್ತು. ಅಟ್ಟದಿಂದಲೋ ತೊಲೆಯ ಮೇಲಿಂದಲೋ ಇಲಿಯೊಂದು ತಾನಾಗಿ ನೆಲಕ್ಕೆ ಬಿದ್ದು ಸತ್ತರೆ ಅದನ್ನು ಇಲಿ ಬಿತ್ತು ಎನ್ನುತ್ತಿದ್ದರು. ಆ ಎರಡು ಶಬ್ದ ಕೇಳಿದರೆ ಸಾಕು, ಊರು ಗಂಟುಮೂಟೆ ಕಟ್ಟುತ್ತಿತ್ತು. ಹೊಲದಲ್ಲಿಯೋ ತೋಪಿನಲ್ಲಿಯೋ ಗಳು, ತಡಿಕೆ, ತೆಂಗಿನ ಗರಿ, ಜೋಳದ ದಂಟುಗಳಿಂದ ಗುಡಿಸಲು ಎದ್ದು, ಎರಡು, ಮೂರು ತಿಂಗಳಿಗೆ ಅದೇ ಮನೆಯಾಗುತ್ತಿತ್ತು. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯಲ್ಲಿ ಅಗ್ರಹಾರದೊಳಗೆ ಇಲಿಗಳು ಬೀಳುವ ಚಿತ್ರ ಓದುಗರಿಗೆ ಪರಿಚಿತವಾದುದೇ. ಈ ಹೊರಡುವಿಕೆಯ ವೇಳೆಯಲ್ಲಿ ಮನೆಯ ಯಜಮಾನಿಯ ಎದುರು ನಿಲ್ಲುತ್ತಿದ್ದ ಪ್ರಶ್ನೆ ವಿಚಿತ್ರವಾದುದು. ಬರಗಾಲದಲ್ಲಾದರೆ ಎಷ್ಟು ಉಳಿದಿದೆ ಎಂಬುದಷ್ಟೇ ಚಿಂತೆ. ಈಗ ವರ್ಷಕ್ಕಾಗುವಷ್ಟು ಇದ್ದರೂ ಅದರಲ್ಲಿ ಎಷ್ಟನ್ನು ತಲೆಯ ಮೇಲೆ, ಗಾಡಿಯ ಮೇಲೆ ಹೊರಬಹುದು ಎಂಬ ಲೆಕ್ಕ ಹಾಕಬೇಕು. ವಾಡೆಯನ್ನು ಎತ್ತಲಾಗದು, ಒರಳುಕಲ್ಲನ್ನು ಕೀಳಲಾಗದು. ಬೀಸುವ ಕಲ್ಲು ಗಾಡಿಯೇರಬಹುದು. ಅದರ ಹಿಂದೆ ರಾಗಿ, ಹುರುಳಿ, ಉಪ್ಪು, ಒಣಮೆಣಸಿನಕಾಯಿ, ಹುಣಸೆ, ಬೆಲ್ಲ. ಹಿಟ್ಟು ಬೇಗ ಮುಗ್ಗುತ್ತದೆ, ಕಾಳು ತಾಳುತ್ತದೆ. ಆದುದರಿಂದ ಹಿಟ್ಟು ಮಾಡಿಕೊಂಡು ಹೋಗುವುದಕ್ಕಿಂತ ಕಲ್ಲನ್ನು ಹೊತ್ತು ಹೋಗುವುದೇ ಮೇಲು. ಉಪ್ಪಿನಕಾಯಿಯ ಭರಣಿಯ ಬಾಯಿಗೆ ಬಟ್ಟೆ ಬಿಗಿದು ಹುಲ್ಲಿನ ಮೇಲೆ ಕೂರಿಸಿಕೊಂಡು ಹೋದರೆ ಸೊಪ್ಪು ಸಿಗದ ದಿನ ಮುದ್ದೆಗೆ ಅದೇ ಆಸರೆ.

ಇಲ್ಲಿ ಋತುಮಾನ ಒಂದು ಬಗೆಯಲ್ಲಿ ನೆರವಿಗೆ ಬಂದಿತು, ಇನ್ನೊಂದು ಬಗೆಯಲ್ಲಿ ಕೈಕೊಟ್ಟಿತು. ಬಿರುಬೇಸಗೆಯ ಒಣ ಶಾಖವನ್ನು ಇಲಿಯ ಚಿಗಟ ತಾಳಲಾರದು. ಆದುದರಿಂದ ಈ ಸೀಮೆಯಲ್ಲಿ ಪ್ಲೇಗು ಮಳೆಗಾಲದ ಕೊನೆಗೆ ತಲೆಯೆತ್ತಿ ಚಳಿಗಾಲದಲ್ಲಿ ಹೆಚ್ಚಿ ಬೇಸಗೆಯಲ್ಲಿ ತಗ್ಗುತ್ತಿತ್ತು. ಬೇಸಗೆಯಲ್ಲಿ ಮಾಡಿಟ್ಟ ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳು ಆ ಹೊತ್ತಿಗೆ ಸಿದ್ಧವಾಗಿಯೇ ಇರುತ್ತಿದ್ದವು, ಗುಡಿಸಲಿಗೆ ಒಯ್ಯಲು ಒಣಪದಾರ್ಥಕ್ಕೆ ಕೊರತೆಯಿರಲಿಲ್ಲ. ಆದರೆ ಅದೇ ಕಾಲ ರಾಗಿಯ ಕೊಯ್ಲಿನದು, ಒಕ್ಕಣೆಯದು. ಊರೊಳಗಿನ ಹಗೇವನ್ನು ತೆಗೆದು, ಒಣಗಿಸಿ, ಹೊಸ ಹುಲ್ಲು ಹೊದಿಸಿ ತುಂಬಬೇಕಾದ ಹೊತ್ತಿಗೆ ಊರಿಗೇ ಕಾಲಿಡದಂತಾಗುತ್ತಿತ್ತು. ಹಲವು ಕಡೆ ಕಣದ ಬದಿಯಲ್ಲೇ ಗುಡಿಸಲು ಹಾಕಿಕೊಂಡ ಕುಟುಂಬಗಳಿಗೆ ಬೆಳೆ ಕಣ್ಣೆದುರಿಗೇ ಇದ್ದರೂ ಇಡಲು ಭದ್ರವಾದ ಜಾಗವಿಲ್ಲ ಎಂಬ ಸ್ಥಿತಿ. ಬೀಗ ಹಾಕಿದ ಮನೆಯಲ್ಲಿ ಉಳಿದುದಕ್ಕೆ ಕಳ್ಳರ ಭಯ ಬೇರೆ. ಇದರಿಂದ ಹುಟ್ಟಿಕೊಂಡದ್ದು ಎರಡು ಉಗ್ರಾಣಗಳ ಬದುಕು. ರಾತ್ರಿ ಗುಡಿಸಲಿನಲ್ಲಿ ಮಲಗಿ, ಹಗಲು ಹೊತ್ತಿನಲ್ಲಿ ಮನೆಗೆ ಹೋಗಿ ಬೇಕಾದಷ್ಟು ಅಳೆದು ತರುವುದು ಬಹಳ ಕಡೆ ವಾಡಿಕೆಯಾಯಿತು. ಹಗಲಿನ ಆ ಭೇಟಿಯಲ್ಲಿ ವಾಡೆಯ ಕಿಂಡಿಯ ಬಳಿ, ಚೀಲಗಳ ಸಂದಿನಲ್ಲಿ ಕೈಯಾಡಿಸುವುದೇ ಅತ್ಯಂತ ಅಪಾಯದ ಕೆಲಸವೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಸತ್ತ ಇಲಿಯ ಮೈ ತಣ್ಣಗಾದೊಡನೆ ಚಿಗಟಗಳು ಅದನ್ನು ಬಿಟ್ಟು ಹತ್ತಿರ ಬಂದ ಬೆಚ್ಚಗಿನ ಜೀವಕ್ಕೆ ಹಾರುತ್ತವೆ. ಪಾವು ಹಿಡಿದು ಬಂದವರಿಗಿಂತ ಹತ್ತಿರದ ಜೀವ ಆ ಖಾಲಿ ಮನೆಯಲ್ಲಿ ಇನ್ನಾವುದು?

ಕೂಡಿಟ್ಟ ದವಸವೇ ಇಲ್ಲದವರ ಪಾಡು ಬೇರೆ. ದಿನಗೂಲಿಯಿಂದ ಸಂಜೆಗೆ ಅರ್ಧ ಸೇರು ರಾಗಿ ಕೊಳ್ಳುವವನಿಗೆ ಪೇಟೆಯ ಅಂಗಡಿಯೇ ಉಗ್ರಾಣ. ಬೆಂಗಳೂರಿನ ತರಗುಪೇಟೆ, ಅಕ್ಕಿಪೇಟೆ, ರಾಗಿಪೇಟೆಗಳಂಥ ದವಸದ ಬೀದಿಗಳು ಖಾಲಿಯಾಗಿ, ಕೂಲಿಯೂ ನಿಂತಾಗ, ಶಿಬಿರದ ಪಡಿಯನ್ನೇ ನೆಚ್ಚಬೇಕಾಯಿತು. ಪಡಿ ಎಂದರೆ ಒಬ್ಬನಿಗೆ ಇಷ್ಟೆಂದು ಗೊತ್ತುಮಾಡಿದ ದವಸದ ಅಳತೆ. ದೇವಸ್ಥಾನಗಳ ನಿತ್ಯ ಕಟ್ಟಳೆಗೆ ಕೊಡುತ್ತಿದ್ದ ಪಡಿತರ ಎಂಬ ಮಾತು ಇದರಿಂದಲೇ ಬಂದುದು. ಶಿಬಿರದಲ್ಲಿ ಬೇಯಿಸಿದ ಅನ್ನ ಕೊಟ್ಟರೆ ಯಾರು ಬೇಯಿಸಿದರೆಂಬ ಜಾತಿಯ ಪ್ರಶ್ನೆ ಏಳುತ್ತಿತ್ತು. ಈ ತೊಡಕಿಗೆ ನಾಡಿನಲ್ಲಿ ಹಳೆಯದೊಂದು ಉಪಾಯವಿತ್ತು, ಅದೇ ಸ್ವಯಂಪಾಕ: ಅಕ್ಕಿ, ಬೇಳೆ, ಉಪ್ಪು, ಹುಣಸೆ, ಸೌದೆಗಳನ್ನು ಹಸಿಯಾಗಿ ಕೊಟ್ಟು, ಅವರವರ ಅಡುಗೆಯನ್ನು ಅವರವರೇ ಮಾಡಿಕೊಳ್ಳಲು ಬಿಡುವುದು. ರೋಗಿಯನ್ನೂ ಅವನ ಕುಟುಂಬವನ್ನೂ ಬಲವಂತವಾಗಿ ಸಾಗಿಸುವ ಕ್ರಮಗಳ ಮೇಲಿನ ಸಿಟ್ಟು ಮಾತ್ರ ಇಂಥ ಹೊಂದಾಣಿಕೆಗಳಿಂದ ತಣಿಯುವಂಥದಾಗಿರಲಿಲ್ಲ. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ 1898ರಲ್ಲಿ ದಂಗೆಯೇ ಎದ್ದಿತು. ಆಸ್ಪತ್ರೆಯ ಭಯ, ಹೆಂಗಸರ ಮೈ ತಪಾಸಣೆಯ ಅವಮಾನ ಇವು ಆ ಸಿಟ್ಟಿನ ಮುಖ್ಯ ಕಾರಣಗಳೆಂದು ಇತಿಹಾಸಕಾರರು ಹೇಳುತ್ತಾರೆ. ಅದು ಸರಿಯೇ, ಆದರೂ ವರ್ಷದ ದವಸವನ್ನು ಅಪರಿಚಿತ ಸಿಬ್ಬಂದಿಯ ಕೈಗೆ ಒಪ್ಪಿಸಿ ಹೊರನಡೆಯಬೇಕಾದ ಒಕ್ಕಲಿನ ಸಂಕಟವನ್ನೂ ಆ ಪಟ್ಟಿಗೆ ಸೇರಿಸುವುದು ನ್ಯಾಯ.

ಏಕೆಂದರೆ ತೆರವಾದ ಮನೆಯೊಳಗೆ ನಡೆಯುತ್ತಿದ್ದ ಶುದ್ಧೀಕರಣ ಸೌಮ್ಯವಾದುದಾಗಿರಲಿಲ್ಲ. ಬಿಸಿಲು ಬೀಳಲೆಂದು ಹೆಂಚು ಇಳಿಸುವುದು, ಗೋಡೆಗೆ ಸುಣ್ಣ ಬಳಿಯುವುದು, ನೆಲ ಅಗೆಯುವುದು, ಹಾಸಿಗೆ ಬಟ್ಟೆಗಳನ್ನು ಸುಡುವುದು, ಕಾರ್ಬಾಲಿಕ್ ಆಮ್ಲದಂಥ ತೀಕ್ಷ್ಣ ದ್ರಾವಣಗಳನ್ನು ಎರಚುವುದು ಇವು ಅಂದಿನ ವಿಧಿಗಳು. ಪಾದರಸದ ಲವಣದ ದ್ರಾವಣವನ್ನೂ ಬಳಸುತ್ತಿದ್ದರು. ಅದು ಮನುಷ್ಯನಿಗೂ ವಿಷವೇ ಆದುದರಿಂದ ದವಸದ ಕೋಣೆಯಲ್ಲಿ ಅದರ ಸಿಂಚನ ಆದ ಮೇಲೆ ಅಲ್ಲಿಯ ಕಾಳನ್ನು ಉಣ್ಣುವ ಧೈರ್ಯ ಯಾರಿಗೆ ಬಂದೀತು? ರೋಗದ ಅಣುಜೀವಿಯನ್ನು 1894ರಲ್ಲೇ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಗುರುತಿಸಿದ್ದರೂ ಅದು ಮನುಷ್ಯನಿಗೆ ದಾಟುವ ದಾರಿ ಸ್ಪಷ್ಟವಾಗಿರಲಿಲ್ಲ. ಕೊಳೆ, ಕೆಟ್ಟ ಗಾಳಿ, ನೆಲದ ತೇವ ಇವುಗಳ ಜೊತೆಗೆ ದವಸವೂ ಆರೋಪಿಯ ಸ್ಥಾನದಲ್ಲಿ ನಿಂತಿತ್ತು. ಮುಂಬಯಿಯಲ್ಲಿ ರೋಗ ದವಸದ ಗೋದಾಮಿನ ಪೇಟೆಯಲ್ಲೇ ಮೊದಲು ಕಂಡುದರಿಂದ ಆ ಅನುಮಾನಕ್ಕೆ ಬಲ ಬಂದಿತ್ತು. 1898ರಲ್ಲಿ, ಬೆಂಗಳೂರಿಗೆ ಪ್ಲೇಗು ಕಾಲಿಟ್ಟ ವರ್ಷವೇ, ಪಾಲ್-ಲೂಯಿ ಸಿಮೋಂ ಕರಾಚಿಯಲ್ಲಿ ಪ್ರಯೋಗ ನಡೆಸಿ ಇಲಿಯ ಚಿಗಟವೇ ವಾಹಕವೆಂದು ತೋರಿಸಿದರು. ವೈದ್ಯಲೋಕ ಅದನ್ನು ಬಹುಕಾಲ ಒಪ್ಪಲಿಲ್ಲ. 1905ರಿಂದ ಮುಂಬಯಿಯಲ್ಲಿ ಕೆಲಸ ಮಾಡಿದ ಪ್ಲೇಗ್ ಸಂಶೋಧನಾ ಆಯೋಗದ ಪರೀಕ್ಷೆಗಳ ಬಳಿಕವೇ ಮಾತು ಇತ್ಯರ್ಥವಾದುದು. ದವಸದ ಮೇಲಿನ ಅನುಮಾನ ಹೀಗೆ ಅರ್ಧ ಸರಿ, ಅರ್ಧ ತಪ್ಪು ಎಂದಾಯಿತು. ಕಾಳಿನಲ್ಲಿ ರೋಗವಿರಲಿಲ್ಲ, ಆದರೆ ಕಾಳು ಇರುವಲ್ಲಿ ಮನೆಯ ಕಪ್ಪು ಇಲಿ, ಇಲಿ ಇರುವಲ್ಲಿ ಚಿಗಟ, ಮತ್ತು ಚೀಲಗಳೊಡನೆ ಚಿಗಟದ ಪ್ರಯಾಣ.

ಈ ಬೆಳಕಿನಲ್ಲಿ ನೋಡಿದರೆ ಹಳೆಯ ಸಂಗ್ರಹ ವಿಧಾನಗಳ ತೂಕ ಬೇರೆಯಾಗಿಯೇ ಕಾಣುತ್ತದೆ. ಗಟ್ಟಿ ನೆಲದಲ್ಲಿ ತೋಡಿ ಚಪ್ಪಡಿ ಮುಚ್ಚಿದ ಹಗೇವು ಮನೆಯಿಂದ ಹೊರಗಿರುವುದು, ಇಲಿಗೆ ಸುಲಭವಾಗಿ ಎಟುಕದು, ಊರು ಬಿಟ್ಟು ಹೋದರೂ ತಿಂಗಳುಗಟ್ಟಲೆ ಅದರ ಕಡೆ ನೋಡಬೇಕಾಗಿಲ್ಲ. ಬರಗಾಲಕ್ಕೆಂದು ಕಟ್ಟಿದ ಆ ವ್ಯವಸ್ಥೆ ಪ್ಲೇಗಿಗೂ ಒಪ್ಪುವಂಥದೇ ಆಗಿತ್ತು. ರೋಗಕ್ಕೆ ಆಶ್ರಯ ಕೊಟ್ಟುದು ಗೋಡೆಗೆ ಒಟ್ಟಿದ ಗೋಣಿಚೀಲ, ಬೆಳಕಿಲ್ಲದ ನಡುಮನೆಯ ಮೂಲೆ, ಅಟ್ಟದ ಮೇಲಿನ ಬಿಡಿ ದವಸ. ಆದರೆ ಪ್ಲೇಗಿನ ನಂತರದ ಸುಧಾರಣೆ ಹಗೇವಿನ ಕಡೆಗೆ ತಿರುಗಲಿಲ್ಲ, ಪೇಟೆಯ ಮನೆಗಳಲ್ಲಿ ಅದು ಸಾಧ್ಯವೂ ಇರಲಿಲ್ಲ. ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳಂಥ ಬಡಾವಣೆಗಳು ಅಗಲವಾದ ಬೀದಿ, ಮನೆಯ ಸುತ್ತ ಗಾಳಿ ಬೆಳಕು ಎಂಬ ಹೊಸ ಲೆಕ್ಕದಲ್ಲಿ ಬೆಳೆದವು. ಮೈಸೂರಿನಲ್ಲಿ 1903ರಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿತು. ಹೊಸ ಮನೆಗಳಲ್ಲಿ ದವಸಕ್ಕೆ ಕಿಟಕಿಯಿರುವ ಬೇರೆ ಕೋಣೆ ಬಂದಿತು. ಮುಂದೆ ಬಿರುಕಿಲ್ಲದ ಸಿಮೆಂಟು ನೆಲವೂ ಸೇರಿತು. ಅದಕ್ಕಿಂತ ಸದ್ದಿಲ್ಲದೆ ಒಳಗೆ ಬಂದುದು ಸೀಮೆಎಣ್ಣೆಯ ಖಾಲಿ ಡಬ್ಬ. 4 ಗ್ಯಾಲನ್ ಹಿಡಿಸುವ ಚೌಕಾಕಾರದ ಆ ತಗಡಿನ ಡಬ್ಬವನ್ನು ಮೇಲ್ಭಾಗ ಕತ್ತರಿಸಿ, ಸೀಗೆಪುಡಿ ಹಾಕಿ ಉಜ್ಜಿ, ವಾಸನೆ ಹೋಗುವವರೆಗೆ ಬಿಸಿಲಿಗಿಟ್ಟು, ಕಲಾಯಿಗಾರನಿಂದಲೋ ತಗಡು ಕೆಲಸದವನಿಂದಲೋ ಮುಚ್ಚಳ ಮಾಡಿಸಿಕೊಂಡರೆ ಇಲಿ ಕಡಿಯಲಾರದ ಉಗ್ರಾಣವೊಂದು ಬಡವರಿಗೂ ಕೈಗೆಟುಕಿತು. ರೋಗನಿವಾರಣೆಯ ಚರಿತ್ರೆಯಲ್ಲಿ ಈ ಡಬ್ಬಕ್ಕೆ ಹೆಸರಿಲ್ಲ. ಲಸಿಕೆಗೆ, ಬಡಾವಣೆಗೆ ಇರುವ ಹೆಸರಿನ ಪಕ್ಕದಲ್ಲಿ ಇದಕ್ಕೂ ಒಂದಿಷ್ಟು ಜಾಗ ಸಲ್ಲಬೇಕು.

ಲಸಿಕೆಯ ಮಾತು ಬಂದುದರಿಂದ, 1897ರ ಜನವರಿಯಲ್ಲಿ ಮುಂಬಯಿಯಲ್ಲಿ ವಾಲ್ಡೆಮಾರ್ ಹಾಫ್ಕಿನ್ ತಯಾರಿಸಿದ ಲಸಿಕೆಯನ್ನು 1898ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಚುಚ್ಚಿದುದನ್ನು ಇಲ್ಲಿ ನೆನೆದರೆ ಸಾಕು. ಲಸಿಕೆ ಇದ್ದರೂ ಊರು ಬಿಡುವುದು ತಪ್ಪಲಿಲ್ಲ. ಅದು ಒಂದು ಬಗೆಯ ವಾರ್ಷಿಕ ಕ್ರಮವೇ ಆಗಿಬಿಟ್ಟಿತು. ಅನುಭವಸ್ಥ ಮನೆಗಳಲ್ಲಿ ಗುಡಿಸಲಿನ ಗಳು ತಡಿಕೆಗಳನ್ನು ಬಿಚ್ಚಿ ಎತ್ತಿಟ್ಟು ಮುಂದಿನ ವರ್ಷಕ್ಕೆ ಬಳಸಿದರು. ಊರ ಹೊರಗೆ ಪ್ಲೇಗಮ್ಮನಿಗೆ, ಪ್ಲೇಗ್ ಮಾರಮ್ಮನಿಗೆ ಗುಡಿಗಳಾದವು. ರೋಗದ ಹಿಡಿತ ಸಡಿಲಗೊಂಡುದು 1940ರ ದಶಕದಲ್ಲಿ ಡಿಡಿಟಿ ಮತ್ತು ಹೊಸ ಔಷಧಿಗಳು ಬಂದ ಮೇಲೆ; ಕೋಲಾರದ ಗಡಿಭಾಗಗಳಲ್ಲಿ ಮಾತ್ರ ಅದು 1960ರ ದಶಕದವರೆಗೂ ಅಲ್ಲಲ್ಲಿ ಕಾಣಿಸಿಕೊಳ್ಳುತ್ತಲೇ ಇತ್ತು. ಪ್ಲೇಗು ತಗ್ಗುವ ಹೊತ್ತಿಗೆ ಮನೆಯ ಸಂಗ್ರಹಕ್ಕೆ ಇನ್ನೊಂದು ಪೆಟ್ಟು ಬಿದ್ದಿತ್ತು. 1942ರಲ್ಲಿ ಬರ್ಮಾ ಜಪಾನಿನ ವಶವಾಗಿ ರಂಗೂನಿನ ಅಕ್ಕಿ ನಿಂತಾಗ, ರೈತನಿಂದ ಲೆವಿ ದವಸ ಎತ್ತುವ, ಪೇಟೆಯವನಿಗೆ ಚೀಟಿಯ ಮೇಲೆ ಅಳೆದು ಕೊಡುವ ಏರ್ಪಾಡು ಬಂದಿತು. ಹಿಂದೆ ಖಂಡುಗಗಟ್ಟಲೆ ಇಟ್ಟುಕೊಂಡಿರುವುದು ಮನೆತನದ ಹೆಮ್ಮೆಯಾಗಿತ್ತು; ಈಗ ಗೊತ್ತುಪಡಿಸಿದ ಮಿತಿಗಿಂತ ಹೆಚ್ಚು ಇಟ್ಟುಕೊಳ್ಳುವುದು ಅಪರಾಧವಾಗಿ, ತುಂಬಿದ ಹಗೇವು ಅಮಲ್ದಾರನ ಕಣ್ಣಿಗೆ ಬೀಳಬಾರದ ಗುಟ್ಟಾಯಿತು. ದೇವಸ್ಥಾನದ ಪಡಿತರ ಎಂಬ ಹಳೆಯ ಶಬ್ದ ಸರಕಾರದ ಚೀಟಿಯ ಮೇಲೆ ಹೊಸ ಅರ್ಥದಲ್ಲಿ ಅಚ್ಚಾದುದೂ ಈ ಏರ್ಪಾಡು ಬೆಳೆದಂತೆಯೇ.

1897ರ ಕಾಯಿದೆಗೆ ಕರ್ನಾಟಕದಲ್ಲಿ ಮತ್ತೆ ಜೀವ ಬಂದುದು 2020ರ ಮಾರ್ಚ್‌ನಲ್ಲಿ. ದೇಶವ್ಯಾಪಿ ಲಾಕ್‌ಡೌನ್ ಆರಂಭವಾದ ಮಾರ್ಚ್ 25 ಆ ವರ್ಷ ಯುಗಾದಿಯ ದಿನವೂ ಆಗಿತ್ತು. ಈ ಸಲ ಆಜ್ಞೆ ಮನೆಯೊಳಗೆ ಇರಬೇಕೆಂದು. ವಿದೇಶದಿಂದ ಬಂದವರ ಕೈಗೆ ಮುದ್ರೆ ಒತ್ತಿದರು, ಬಾಗಿಲಿಗೆ 14 ದಿನಗಳ ಚೀಟಿ ಅಂಟಿಸಿದರು, ಹಳ್ಳಿಗಳು ದಾರಿಗೆ ಮುಳ್ಳು ಎಳೆದು ತಮ್ಮನ್ನು ತಾವೇ ಮುಚ್ಚಿಕೊಂಡವು. ಹಪ್ಪಳ ಸಂಡಿಗೆಯ ಬಿಸಿಲು ಎಂದಿನಂತೆಯೇ ಇತ್ತು, ಆದರೆ ಬಹುಪಾಲು ನಗರದ ಮನೆಗಳಲ್ಲಿ ದವಸವೆಂಬುದು ವಾರಕ್ಕೊಮ್ಮೆ ಕೊಳ್ಳುವ ಪ್ಲಾಸ್ಟಿಕ್ ಚೀಲಗಳಿಗೆ ಇಳಿದಿತ್ತು. ಏಪ್ರಿಲ್‌ನಲ್ಲಿ ಕರ್ನಾಟಕದ ನ್ಯಾಯಬೆಲೆ ಅಂಗಡಿಗಳು ಎರಡು ತಿಂಗಳ ಪಡಿತರವನ್ನು ಒಟ್ಟಿಗೆ ಕೊಟ್ಟವು. ಒಂದೇ ಕೋಣೆಯ ಮನೆಗೆ ಅಷ್ಟು ಅಕ್ಕಿಯನ್ನು ಹೊತ್ತು ತಂದವರು ಚೀಲವನ್ನು ನೆಲಕ್ಕೆ ಇಳಿಸುವ ಮೊದಲು ಮಾಡಬೇಕಾಗಿದ್ದ ಕೆಲಸ, ಅದನ್ನು ಇಲಿಗೆ ಎಟುಕದಂತೆ ಎಲ್ಲಿಡಬೇಕೆಂದು ಸುತ್ತ ನೋಡುವುದು.